ಅಗ್ಗದ ಕಂಪೈಲರ್, ಗಟ್ಟಿ ಕೆಲಸ: ಐವತ್ತು ವರ್ಷಗಳ ಒಂದು ಅವಲೋಕನ

ನಮ್ಮ ಪ್ರೌಢಶಾಲೆಯ ಸುವರ್ಣ ಮಹೋತ್ಸವದ ಈ ಸಂಚಿಕೆಯಲ್ಲಿ ಊರಿನ ಇತಿಹಾಸ, ಶಾಲೆ ಬೆಳೆದು ಬಂದ ದಾರಿ, ಗುರುಗಳ ಸೇವೆ ಇವುಗಳ ಬಗ್ಗೆ ಬರೆಯಬಲ್ಲವರು ಅನೇಕರಿದ್ದಾರೆ. ನಾನು ಈ ಶಾಲೆಯಲ್ಲಿ ಓದಿ ಮುಂದೆ ತಂತ್ರಾಂಶದ ಕೆಲಸಕ್ಕೆ ಹೋದವನು. ಆದ್ದರಿಂದ ನನಗೆ ತಿಳಿದಿರುವ ಒಂದು ಉಪಕರಣದ ಇತಿಹಾಸವನ್ನು ಇಲ್ಲಿ ಬರೆಯುತ್ತಿದ್ದೇನೆ. ಆ ಉಪಕರಣದ ಹೆಸರು ಕಂಪೈಲರ್.

ಶಾಲೆಯ ಐವತ್ತು ವರ್ಷಗಳಿಗೂ ಮನೆಮನೆಗೆ ಬಂದ ಸಣ್ಣ ಕಂಪ್ಯೂಟರಿನ ಐವತ್ತು ವರ್ಷಗಳಿಗೂ ಹೆಚ್ಚುಕಡಿಮೆ ಒಂದೇ ವಯಸ್ಸು. ಈ ಅವಧಿಯಲ್ಲಿ ತಿಕೋಟಾ, ಬಬಲೇಶ್ವರ ಮತ್ತು ಸುತ್ತಲಿನ ಹಳ್ಳಿಗಳ ಮಕ್ಕಳು ವಿಜಯಪುರಕ್ಕೆ ಹೋಗಿ ಕಾಲೇಜು ಓದಿದರು. ಅಲ್ಲಿಂದ ಬೆಂಗಳೂರು, ಪುಣೆ, ಹೈದರಾಬಾದಿಗೆ ಹೋಗಿ ಕೆಲಸ ಹಿಡಿದರು. ಅವರಲ್ಲಿ ಹೆಚ್ಚಿನವರು ಪ್ರೋಗ್ರಾಂ ಬರೆಯಲು ಕಲಿತದ್ದು ಕಡಿಮೆ ಬೆಲೆಯ, ಇಲ್ಲವೇ ಬೆಲೆಯೇ ಇಲ್ಲದ ಕಂಪೈಲರ್‌ಗಳ ಮೇಲೆ. ಹೀಗಾಗಿ ಒಂದು ಪ್ರಶ್ನೆ ನಮ್ಮವರಿಗೆ ಮತ್ತೆ ಮತ್ತೆ ಎದುರಾಗಿದೆ. ಅಗ್ಗದ ಕಂಪೈಲರ್ ಕಲಿಕೆಗೆ ಮಾತ್ರವೇ, ಅಥವಾ ಜವಾಬ್ದಾರಿಯ ದೊಡ್ಡ ಕೆಲಸಕ್ಕೂ ಆದೀತೇ?

ಈ ಪ್ರಶ್ನೆಗೆ ಇತಿಹಾಸ ಕೊಡುವ ಉತ್ತರಕ್ಕೆ ಎರಡು ಮುಖಗಳಿವೆ. ಬೆಲೆ ಕಡಿಮೆ ಎಂಬ ಕಾರಣಕ್ಕೆ ಒಂದನ್ನು ತಳ್ಳಿಹಾಕಿದವರು ತಪ್ಪಿದ್ದಾರೆ. ಕೈಗೆ ಸುಲಭವಾಗಿ ಸಿಕ್ಕಿದೆ ಎಂಬ ಕಾರಣಕ್ಕೆ ಒಂದನ್ನೇ ಹಿಡಿದು ಕೂತವರೂ ನಷ್ಟ ಅನುಭವಿಸಿದ್ದಾರೆ.

ಕಂಪೈಲರ್ ಎಂದರೇನು?

ಕಂಪ್ಯೂಟರಿನ ಒಳಗಿನ ಯಂತ್ರಕ್ಕೆ ಅರ್ಥವಾಗುವುದು ಅಂಕಿಗಳ ಆಜ್ಞೆಗಳು ಮಾತ್ರ. ಮನುಷ್ಯರು ಅಂಕಿಗಳಲ್ಲಿ ಸಾವಿರಾರು ಸಾಲು ಬರೆಯುವುದು ಕಷ್ಟ. ಆದ್ದರಿಂದ ನಾವು ಸಿ, ಪ್ಯಾಸ್ಕಲ್, ಫೋರ್ಟ್ರಾನ್ ಮುಂತಾದ ಭಾಷೆಗಳಲ್ಲಿ ಬರೆಯುತ್ತೇವೆ. ಅದನ್ನು ಯಂತ್ರದ ಆಜ್ಞೆಗಳಿಗೆ ತಿರುಗಿಸಿ ಕೊಡುವ ತಂತ್ರಾಂಶವೇ ಕಂಪೈಲರ್.

ಹಳ್ಳಿಯ ಹಿರಿಯರಿಗೆ ಇದನ್ನು ಹೀಗೆ ಹೇಳಬಹುದು. ಹೊಲ ಖರೀದಿಗೆ ಹೋದಾಗ ನಾವು ಬಾಯಲ್ಲಿ ಹೇಳಿದ್ದನ್ನು ಬಾಂಡ್ ರೈಟರ್ ಕಚೇರಿಯ ಭಾಷೆಯಲ್ಲಿ ಬರೆದುಕೊಡುತ್ತಾನೆ. ಅವನು ಸರ್ವೆ ನಂಬರ್ ತಪ್ಪು ಬರೆದರೆ ಅಂದೇ ಗೊತ್ತಾಗುವುದಿಲ್ಲ. ಹತ್ತು ವರ್ಷದ ಮೇಲೆ ವ್ಯಾಜ್ಯ ಬಂದಾಗ ಗೊತ್ತಾಗುತ್ತದೆ. ಕಂಪೈಲರ್ ಕೂಡ ಹೀಗೆಯೇ. ನಾವು ಸರಿಯಾಗಿ ಬರೆದದ್ದನ್ನು ಅದು ತಪ್ಪಾಗಿ ತಿರುಗಿಸಿದರೆ ದೋಷ ಒಳಗೇ ಉಳಿದುಬಿಡುತ್ತದೆ. ಆದಕಾರಣ ಅದು ನಂಬಿಗಸ್ತವೋ ಅಲ್ಲವೋ ಎಂದು ನೋಡುವುದು ಅಗತ್ಯ. ಹಾಗೆಂದು ಹೆಚ್ಚು ಹಣ ತೆಗೆದುಕೊಳ್ಳುವ ಬಾಂಡ್ ರೈಟರ್ ಬರೆದ ಪತ್ರವೇ ಸರಿ ಎಂದು ಯಾರೂ ಹೇಳುವುದಿಲ್ಲ.

ದುಬಾರಿ ಯಂತ್ರಗಳ ಕಾಲ

ಮೊದಲ ಹೆಸರಾಂತ ಕಂಪೈಲರ್ ಫೋರ್ಟ್ರಾನ್ ಭಾಷೆಯದು. ಐಬಿಎಂ ಸಂಸ್ಥೆಯಲ್ಲಿ ಜಾನ್ ಬ್ಯಾಕಸ್ ಅವರ ತಂಡ ಅದನ್ನು 1957ರಲ್ಲಿ ಹೊರತಂದಿತು. ಆಗ ಕಂಪೈಲರಿಗೆ ಪ್ರತ್ಯೇಕ ಬೆಲೆ ಇರಲಿಲ್ಲ. ಕೋಣೆ ತುಂಬುವ ಯಂತ್ರದ ಜೊತೆಗೆ ಅದೂ ಬರುತ್ತಿತ್ತು. 1969ರಲ್ಲಿ ಐಬಿಎಂ ತಂತ್ರಾಂಶಕ್ಕೆ ಬೇರೆ ಬೆಲೆ ಕಟ್ಟುವ ನಿರ್ಧಾರ ಪ್ರಕಟಿಸಿತು. ಅಲ್ಲಿಂದ ಮುಂದೆ ಕಂಪೈಲರ್ ಎಂಬುದು ಮಾರಾಟದ ಸರಕಾಯಿತು.

ನಮ್ಮ ದೇಶದಲ್ಲಿ ಕಾನ್ಪುರದ ಐಐಟಿಗೆ 1963ರಲ್ಲಿ ಐಬಿಎಂ 1620 ಬಂದದ್ದು ದೊಡ್ಡ ಸುದ್ದಿ. ಅಂಥ ಯಂತ್ರವನ್ನು ಮುಟ್ಟುವ ಭಾಗ್ಯ ಕೆಲವೇ ವಿದ್ಯಾರ್ಥಿಗಳದಾಗಿತ್ತು. ವಿಜಯಪುರದಂಥ ಜಿಲ್ಲಾ ಸ್ಥಳದಲ್ಲಿ ಅದರ ಯೋಚನೆಯೂ ಸಾಧ್ಯವಿರಲಿಲ್ಲ.

1975ರಲ್ಲಿ ಅಮೆರಿಕದಲ್ಲಿ ಆಲ್ಟೇರ್ ಎಂಬ ಸಣ್ಣ ಕಂಪ್ಯೂಟರ್ ಮಾರುಕಟ್ಟೆಗೆ ಬಂತು. ಅದಕ್ಕೆ ಬೇಸಿಕ್ ಭಾಷೆ ಬರೆದುಕೊಟ್ಟವರು ಬಿಲ್ ಗೇಟ್ಸ್ ಮತ್ತು ಪಾಲ್ ಅಲೆನ್. ಮೈಕ್ರೋಸಾಫ್ಟ್ ಹುಟ್ಟಿದ್ದು ಅಲ್ಲಿ. ಹವ್ಯಾಸಿಗಳು ಆ ಬೇಸಿಕ್ಕನ್ನು ಹಣ ಕೊಡದೆ ನಕಲು ಮಾಡಿಕೊಳ್ಳುತ್ತಿದ್ದಾರೆಂದು ಗೇಟ್ಸ್ 1976ರಲ್ಲಿ ಬಹಿರಂಗ ಪತ್ರ ಬರೆದರು. ಹಣ ಕೊಡದಿದ್ದರೆ ಒಳ್ಳೆಯ ತಂತ್ರಾಂಶ ಬರೆಯುವವರು ಯಾರು ಎಂಬುದು ಅವರ ವಾದ. ಬೆಲೆ ಮತ್ತು ಗುಣಮಟ್ಟದ ಸಂಬಂಧದ ಚರ್ಚೆ ಹೀಗೆ ಆರಂಭದಲ್ಲೇ ಹುಟ್ಟಿಕೊಂಡಿತು.

1983: ಐನೂರು ರೂಪಾಯಿಯ ಕಂಪೈಲರ್

ಈ ಕತೆಯ ನಿಜವಾದ ತಿರುವು 1983ರ ನವೆಂಬರ್. ಬೋರ್ಲ್ಯಾಂಡ್ ಎಂಬ ಹೊಸ ಸಂಸ್ಥೆ ಟರ್ಬೊ ಪ್ಯಾಸ್ಕಲ್ ಎಂಬ ಕಂಪೈಲರನ್ನು 49.95 ಡಾಲರಿಗೆ ಮಾರಾಟಕ್ಕಿಟ್ಟಿತು. ಆಗ ಒಂದು ಡಾಲರಿಗೆ ಸುಮಾರು 10 ರೂಪಾಯಿ. ಅಂದರೆ ನಮ್ಮ ಲೆಕ್ಕದಲ್ಲಿ ಸುಮಾರು 500 ರೂಪಾಯಿ. ಅದೇ ಕಾಲದಲ್ಲಿ ಬೇರೆ ಕಂಪನಿಗಳ ಪ್ಯಾಸ್ಕಲ್ ಕಂಪೈಲರಿಗೆ ಕೆಲವು ನೂರು ಡಾಲರ್ ಕೊಡಬೇಕಿತ್ತು. ಟರ್ಬೊ ಪ್ಯಾಸ್ಕಲ್ ಬರೆದವರು ಡೆನ್ಮಾರ್ಕಿನ ತರುಣ ಆ್ಯಂಡರ್ಸ್ ಹೈಲ್ಸ್‌ಬರ್ಗ್.

ಇಷ್ಟು ಅಗ್ಗದ್ದು ಆಟಿಕೆಯೇ ಇರಬೇಕು ಎಂದು ಅನೇಕರು ಅಂದುಕೊಂಡರು. ಅವರ ಅನುಮಾನಕ್ಕೆ ಆಧಾರವೂ ಇತ್ತು. ಮೊದಲ ಆವೃತ್ತಿಗಳಲ್ಲಿ ಪ್ರೋಗ್ರಾಂನ ಆಜ್ಞೆಗಳೆಲ್ಲ 64 ಕೆ.ಬಿ. ಒಳಗೆ ಹಿಡಿಯಬೇಕಿತ್ತು. ಪ್ರೋಗ್ರಾಮನ್ನು ಬೇರೆ ಬೇರೆ ಭಾಗಗಳಾಗಿ ಕಂಪೈಲ್ ಮಾಡಿ ಜೋಡಿಸುವ ಸೌಲಭ್ಯ ಇರಲಿಲ್ಲ. ಪ್ಯಾಸ್ಕಲ್ ಭಾಷೆಯ ಜನಕ ನಿಕ್ಲಾಸ್ ವಿರ್ತ್ ಅವರು ರೂಪಿಸಿದ ಭಾಷೆಯ ಕೆಲವು ಅಂಶಗಳು ಇದರಲ್ಲಿ ಇರಲಿಲ್ಲ. ಹತ್ತು ಜನ ಸೇರಿ ಒಂದು ದೊಡ್ಡ ಬ್ಯಾಂಕಿನ ತಂತ್ರಾಂಶ ಬರೆಯಲು ಹೊರಟಿದ್ದರೆ 1983ರಲ್ಲಿ ಇದನ್ನು ಬೇಡ ಎನ್ನುವುದೇ ಸರಿಯಾಗಿತ್ತು.

ಆದರೆ ಅದರ ಗುಣಗಳೂ ಕಡಿಮೆ ಇರಲಿಲ್ಲ. ಬರೆಯುವ ಸಂಪಾದಕ ಮತ್ತು ತಿರುಗಿಸುವ ಕಂಪೈಲರ್ ಎರಡೂ ಸೇರಿ 40 ಕೆ.ಬಿ.ಗಿಂತ ಚಿಕ್ಕದಾಗಿತ್ತು. ಬೇರೆ ಕಂಪೈಲರ್‌ಗಳಲ್ಲಿ ಫ್ಲಾಪಿ ಬದಲಿಸುತ್ತ ನಿಮಿಷಗಟ್ಟಲೆ ಕಾಯಬೇಕಿತ್ತು. ಇದು ಎಲ್ಲವನ್ನೂ ಮೆಮೊರಿಯಲ್ಲೇ ಇಟ್ಟುಕೊಂಡು ಕ್ಷಣಗಳಲ್ಲಿ ಮುಗಿಸುತ್ತಿತ್ತು. ತಪ್ಪು ಸಿಕ್ಕರೆ ಅಲ್ಲೇ ನಿಂತು ತಪ್ಪಾದ ಸಾಲನ್ನು ತೋರಿಸುತ್ತಿತ್ತು. ಒಬ್ಬನೇ ಕೂತು ಮಧ್ಯಮ ಗಾತ್ರದ ಪ್ರೋಗ್ರಾಂ ಬರೆಯುವವನಿಗೆ ದುಬಾರಿ ಕಂಪೈಲರಿಗಿಂತ ಇದೇ ಹೆಚ್ಚು ಉಪಯುಕ್ತವಾಯಿತು.

ಮುಂದೆ ನಡೆದದ್ದನ್ನು ಗಮನಿಸಬೇಕು. 1987ರಲ್ಲಿ ಬಂದ ನಾಲ್ಕನೆಯ ಆವೃತ್ತಿಯಲ್ಲಿ ಪ್ರತ್ಯೇಕ ಭಾಗಗಳನ್ನು ಕಂಪೈಲ್ ಮಾಡುವ ವ್ಯವಸ್ಥೆ ಬಂತು, 64 ಕೆ.ಬಿ. ಗಡಿಯನ್ನೂ ದಾಟಲು ಸಾಧ್ಯವಾಯಿತು. 1995ರಲ್ಲಿ ಅದೇ ಪರಂಪರೆಯಲ್ಲಿ ಡೆಲ್ಫಿ ಬಂತು. ನಮ್ಮೂರಿನ ಎಷ್ಟೋ ಮನೆಗಳವರು ಪರದೇಶದಲ್ಲಿರುವ ಮಕ್ಕಳೊಡನೆ ಮಾತಾಡಲು ಬಳಸುತ್ತಿದ್ದ ಸ್ಕೈಪ್‌ನ ವಿಂಡೋಸ್ ಆವೃತ್ತಿ ಡೆಲ್ಫಿಯಲ್ಲಿ ಬರೆದದ್ದು. ಹೈಲ್ಸ್‌ಬರ್ಗ್ ಮುಂದೆ ಮೈಕ್ರೋಸಾಫ್ಟ್ ಸೇರಿ ಸಿ ಶಾರ್ಪ್ ಮತ್ತು ಟೈಪ್‌ಸ್ಕ್ರಿಪ್ಟ್ ಭಾಷೆಗಳನ್ನು ರೂಪಿಸಿದರು. ಆಟಿಕೆ ಎನಿಸಿಕೊಂಡದ್ದು ಬೆಳೆಯಿತು. ಅದಕ್ಕೆ ಕಾರಣ ಅದನ್ನು ತಿದ್ದುವ ಕೈಗಳು ಕೆಲಸ ನಿಲ್ಲಿಸದೆ ಇದ್ದದ್ದು.

ಬೋರ್ಲ್ಯಾಂಡಿನ ಪರವಾನಗಿಯೂ ವಿಶೇಷವಾಗಿತ್ತು. ಈ ತಂತ್ರಾಂಶವನ್ನು ಪುಸ್ತಕದಂತೆ ಬಳಸಿ ಎಂದು ಅದು ಹೇಳುತ್ತಿತ್ತು. ಒಂದು ಪುಸ್ತಕವನ್ನು ಎಷ್ಟು ಜನ ಬೇಕಾದರೂ ಓದಬಹುದು, ಆದರೆ ಒಂದು ಹೊತ್ತಿಗೆ ಒಬ್ಬರೇ. ಶಾಲೆಯ ಗ್ರಂಥಾಲಯ ಬಳಸಿದ ಯಾರಿಗಾದರೂ ಅರ್ಥವಾಗುವ ನಿಯಮ ಅದು.

1987: ಒಂದೇ ವರ್ಷ, ಎರಡು ಸಿ ಕಂಪೈಲರ್

1987ರಲ್ಲಿ ಎರಡು ಸಿ ಕಂಪೈಲರ್‌ಗಳು ಹೊರಬಂದವು. ಮೊದಲನೆಯದು ಬೋರ್ಲ್ಯಾಂಡಿನ ಟರ್ಬೊ ಸಿ. ಬೆಲೆ ಸುಮಾರು 100 ಡಾಲರ್. ಎರಡನೆಯದು ರಿಚರ್ಡ್ ಸ್ಟಾಲ್ಮನ್ ಅವರ ಗ್ನೂ ಯೋಜನೆಯ ಸಿ ಕಂಪೈಲರ್, ಅಂದರೆ ಜಿಸಿಸಿ. ಅದನ್ನು ಯಾರು ಬೇಕಾದರೂ ಬಳಸಬಹುದಿತ್ತು, ಹಂಚಬಹುದಿತ್ತು, ಅದರ ಮೂಲ ಬರಹವನ್ನು ತೆರೆದು ನೋಡಬಹುದಿತ್ತು, ತಿದ್ದಬಹುದಿತ್ತು.

ನಮ್ಮ ಭಾಗಕ್ಕೆ ಬಂದದ್ದು ಮೊದಲನೆಯದು. ಕಾರಣ ಸರಳ. ಟರ್ಬೊ ಸಿ ಡಾಸ್ ಇರುವ ಸಾಧಾರಣ ಪಿಸಿಯಲ್ಲಿ ನಡೆಯುತ್ತಿತ್ತು, ಫ್ಲಾಪಿಗಳಲ್ಲಿ ಕೈಯಿಂದ ಕೈಗೆ ಹೋಗುತ್ತಿತ್ತು. ಜಿಸಿಸಿ ಆರಂಭದಲ್ಲಿ ನಡೆಯುತ್ತಿದ್ದುದು ಯುನಿಕ್ಸ್ ಇರುವ ದೊಡ್ಡ ಯಂತ್ರಗಳಲ್ಲಿ. ಅದನ್ನು ತರಿಸಿಕೊಳ್ಳಲು ಜಾಲಸಂಪರ್ಕ ಬೇಕಿತ್ತು. ನಮ್ಮ ದೇಶದಲ್ಲಿ ಜನಸಾಮಾನ್ಯರಿಗೆ ಇಂಟರ್‌ನೆಟ್ ಸಿಕ್ಕಿದ್ದೇ 1995ರ ಆಗಸ್ಟ್ 15ರಂದು, ಅದೂ ಮಹಾನಗರಗಳಲ್ಲಿ. ಬೆಲೆಯಿಲ್ಲದ ವಸ್ತು ಕೂಡ ತಲುಪುವ ದಾರಿ ಇಲ್ಲದಿದ್ದರೆ ದುಬಾರಿಯೇ.

ನಮ್ಮ ಜಿಲ್ಲೆಯ ಪ್ರಯೋಗಾಲಯಗಳು

1984ರಲ್ಲಿ ಕೇಂದ್ರ ಸರ್ಕಾರ ಹೊಸ ಕಂಪ್ಯೂಟರ್ ನೀತಿ ತಂದಿತು. ಅದೇ ಸುಮಾರಿಗೆ ಕ್ಲಾಸ್ ಎಂಬ ಯೋಜನೆಯಲ್ಲಿ ದೇಶದ ಸುಮಾರು 250 ಶಾಲೆಗಳಿಗೆ ಬಿಬಿಸಿ ಮೈಕ್ರೊ ಕಂಪ್ಯೂಟರ್‌ಗಳನ್ನು ಕೊಡಲಾಯಿತು. ಹಳ್ಳಿಯ ಪ್ರೌಢಶಾಲೆಗಳಿಗೆ ಕಂಪ್ಯೂಟರ್ ಬರಲು ಇನ್ನೂ ಎರಡು ದಶಕ ಬೇಕಾಯಿತು. ವಿಜಯಪುರದಲ್ಲಿ ಬಿ.ಎಲ್.ಡಿ.ಇ. ಸಂಸ್ಥೆಯ ಎಂಜಿನಿಯರಿಂಗ್ ಕಾಲೇಜು 1980ರಲ್ಲೇ ಆರಂಭವಾಗಿತ್ತು. 1998ರಲ್ಲಿ ಬೆಳಗಾವಿಯಲ್ಲಿ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ ಸ್ಥಾಪನೆಯಾದ ಮೇಲೆ ರಾಜ್ಯದ ಎಂಜಿನಿಯರಿಂಗ್ ಪಠ್ಯಕ್ರಮ ಒಂದೇ ಆಯಿತು. 2003ರಲ್ಲಿ ವಿಜಯಪುರಕ್ಕೆ ಮಹಿಳಾ ವಿಶ್ವವಿದ್ಯಾಲಯ ಬಂತು. ತಿಕೋಟಾ ರಸ್ತೆಯ ತೊರವಿಯಲ್ಲಿರುವ ಅದು ಇಂದು ಅಕ್ಕಮಹಾದೇವಿಯವರ ಹೆಸರಿನಲ್ಲಿದೆ. ಬಸ್ಸಿನಲ್ಲಿ ದಿನವೂ ಓಡಾಡಿ ಓದುವ ನಮ್ಮ ಹೆಣ್ಣುಮಕ್ಕಳಿಗೂ ಕಂಪ್ಯೂಟರ್ ವಿಜ್ಞಾನದ ದಾರಿ ಹತ್ತಿರವಾಯಿತು.

1990ರ ದಶಕದಿಂದ ಮುಂದೆ ದೇಶದ ಅಸಂಖ್ಯ ಕಾಲೇಜುಗಳಂತೆ ನಮ್ಮ ಭಾಗದಲ್ಲೂ ಪ್ರೋಗ್ರಾಂ ಎಂದರೆ ಟರ್ಬೊ ಸಿ ಎಂದೇ ಆಯಿತು. ನೀಲಿ ಪರದೆ, ಮೇಲೆ ಮೆನು, ಕಂಟ್ರೋಲ್ ಎಫ್9 ಒತ್ತಿದರೆ ಪ್ರೋಗ್ರಾಂ ಓಟ. ಈ ಸಂಚಿಕೆ ಓದುವ ಹಳೆಯ ವಿದ್ಯಾರ್ಥಿಗಳಲ್ಲಿ ಅನೇಕರಿಗೆ ಆ ನೀಲಿ ಪರದೆ ಇಂದಿಗೂ ಕಣ್ಣಮುಂದೆ ಇರುತ್ತದೆ.

ಅದು ಮಾಡಿದ ಉಪಕಾರ ದೊಡ್ಡದು. ಹಳೆಯ, ನಿಧಾನದ ಪಿಸಿಯಲ್ಲೂ ಅದು ನಡೆಯುತ್ತಿತ್ತು. ಇಂಗ್ಲಿಷ್ ಅಷ್ಟಾಗಿ ಬಾರದ ಹಳ್ಳಿಯ ಹುಡುಗ ಕೂಡ ಮೊದಲ ದಿನವೇ ಎರಡು ಅಂಕಿ ಕೂಡಿಸುವ ಪ್ರೋಗ್ರಾಂ ಬರೆದು ಉತ್ತರ ನೋಡಬಹುದಿತ್ತು. ದುಬಾರಿ ಕಂಪೈಲರ್ ಮಾತ್ರ ಇದ್ದಿದ್ದರೆ ನಮ್ಮಲ್ಲಿ ಎಷ್ಟೋ ಜನರಿಗೆ ಈ ಬಾಗಿಲು ತೆರೆಯುತ್ತಲೇ ಇರಲಿಲ್ಲ.

ಆದರೆ ಕಾಲ ಮುಂದೆ ಹೋಯಿತು, ನೀಲಿ ಪರದೆ ಅಲ್ಲೇ ನಿಂತಿತು. ಪ್ರಯೋಗಾಲಯಗಳಲ್ಲಿ ಹೆಚ್ಚಾಗಿ ಬಳಸಿದ ಟರ್ಬೊ ಸಿ ಪ್ಲಸ್ ಪ್ಲಸ್ 1990ರ ದಶಕದ ಆರಂಭದ್ದು. ಸಿ ಪ್ಲಸ್ ಪ್ಲಸ್ ಭಾಷೆಗೆ ಅಂತರರಾಷ್ಟ್ರೀಯ ಪ್ರಮಾಣ ಸಿದ್ಧವಾದದ್ದು 1998ರಲ್ಲಿ. ಹೀಗಾಗಿ ಅದರಲ್ಲಿ ಕಲಿತ ಭಾಷೆಗೂ ಕಂಪನಿಗಳಲ್ಲಿ ಬಳಸುವ ಭಾಷೆಗೂ ಅಂತರ ಬಿತ್ತು. ಪರದೆ ಅಳಿಸಲು ಕಲಿತ ಆಜ್ಞೆ ಭಾಷೆಯ ಭಾಗವೇ ಅಲ್ಲ, ಅದು ಆ ಒಂದು ಕಂಪನಿಯ ಸೇರ್ಪಡೆ ಎಂಬುದು ಎಷ್ಟೋ ವಿದ್ಯಾರ್ಥಿಗಳಿಗೆ ಕೆಲಸದ ಸಂದರ್ಶನದ ಹೊತ್ತಿಗೆ ತಿಳಿಯುತ್ತಿತ್ತು.

ಇನ್ನೊಂದು ಉದಾಹರಣೆ ಅಂಕಿಗಳದು. ಟರ್ಬೊ ಸಿಯಲ್ಲಿ ಸಾಮಾನ್ಯ ಪೂರ್ಣಾಂಕಕ್ಕೆ 16 ಬಿಟ್ ಜಾಗ. ಅದರಲ್ಲಿ 32767ಕ್ಕಿಂತ ದೊಡ್ಡ ಸಂಖ್ಯೆ ಹಿಡಿಯುವುದಿಲ್ಲ. ಫ್ಯಾಕ್ಟೋರಿಯಲ್ ಪ್ರೋಗ್ರಾಂ ಬರೆದವರು ನೆನಪಿಸಿಕೊಳ್ಳಲಿ. 7ರ ಫ್ಯಾಕ್ಟೋರಿಯಲ್ 5040 ಸರಿಯಾಗಿ ಬರುತ್ತಿತ್ತು, 8ಕ್ಕೆ 40320 ಬರಬೇಕಾದಲ್ಲಿ ಮೈನಸ್ 25216 ಬರುತ್ತಿತ್ತು. ವಿಜಯಪುರದ ಪಿನ್ ಕೋಡ್ 586101. ಅದನ್ನು ಆ ಪೂರ್ಣಾಂಕದಲ್ಲಿ ಇಟ್ಟರೆ ಮೈನಸ್ 3723 ಆಗುತ್ತಿತ್ತು! ಇಂದಿನ ಕಂಪೈಲರ್‌ಗಳಲ್ಲಿ ಪೂರ್ಣಾಂಕಕ್ಕೆ ಸಾಮಾನ್ಯವಾಗಿ 32 ಬಿಟ್ ಇರುವುದರಿಂದ ಪಿನ್ ಕೋಡ್ ಸರಿಯಾಗಿ ಕೂಡುತ್ತದೆ. ಆದರೆ ಅಲ್ಲಿಯೂ ಫ್ಯಾಕ್ಟೋರಿಯಲ್ 12ರವರೆಗೆ ಮಾತ್ರ ಸರಿ, 13ಕ್ಕೆ ಮತ್ತೆ ತಪ್ಪುತ್ತದೆ. ಗಡಿ ಎಲ್ಲ ಉಪಕರಣಕ್ಕೂ ಇದೆ. ಅದು ಎಲ್ಲಿದೆ ಎಂದು ತಿಳಿದಿರುವುದು ಮುಖ್ಯ.

ಡಾಸ್‌ನಲ್ಲಿ ಮೆಮೊರಿಗೆ ರಕ್ಷಣೆಯೂ ಇರಲಿಲ್ಲ. ಪ್ರೋಗ್ರಾಂ ತನಗೆ ಸೇರದ ಜಾಗದಲ್ಲಿ ಬರೆದರೂ ಒಮ್ಮೊಮ್ಮೆ ಏನೂ ಆಗದಂತೆ ನಡೆದುಬಿಡುತ್ತಿತ್ತು, ಒಮ್ಮೊಮ್ಮೆ ಇಡೀ ಯಂತ್ರ ನಿಂತುಬಿಡುತ್ತಿತ್ತು. ಇಂದಿನ ವ್ಯವಸ್ಥೆಗಳು ಅಂಥ ಬಹಳಷ್ಟು ಪ್ರೋಗ್ರಾಂಗಳನ್ನು ತಕ್ಷಣ ತಡೆದು ನಿಲ್ಲಿಸುತ್ತವೆ. ತಪ್ಪನ್ನು ಮುಚ್ಚಿಡುವ ಉಪಕರಣಕ್ಕಿಂತ ತಪ್ಪನ್ನು ಜೋರಾಗಿ ಹೇಳುವ ಉಪಕರಣವೇ ಒಳ್ಳೆಯ ಗುರು.

ಮುಂದೆ 64 ಬಿಟ್ ವಿಂಡೋಸ್ ಬಂದಾಗ ಟರ್ಬೊ ಸಿ ನೇರವಾಗಿ ನಡೆಯದಾಯಿತು. ಆಗಲೂ ಡಾಸ್‌ಬಾಕ್ಸ್ ಎಂಬ ತಂತ್ರಾಂಶದೊಳಗೆ ಅದನ್ನು ಕೂರಿಸಿ ನಡೆಸುವುದು ಕೆಲವು ಕಡೆ ಮುಂದುವರಿಯಿತು. ಆ ಹೊತ್ತಿಗೆ ಹಣ ಅಡ್ಡಿಯಾಗಿರಲಿಲ್ಲ, ಹೊಸದು ಉಚಿತವಾಗಿಯೇ ಸಿಗುತ್ತಿತ್ತು. ಅಡ್ಡಿಯಾದದ್ದು ರೂಢಿ.

ಬೆಲೆಯಿಲ್ಲದ ಕಂಪೈಲರ್ ಬೆಳೆದ ಬಗೆ

ಇತ್ತ ಜಿಸಿಸಿ ಬೆಳೆಯುತ್ತ ಹೋಯಿತು. 1991ರಲ್ಲಿ ಫಿನ್ಲೆಂಡಿನ ವಿದ್ಯಾರ್ಥಿ ಲಿನಸ್ ಟೊರ್ವಾಲ್ಡ್ಸ್ ಲಿನಕ್ಸ್ ಬರೆಯಲು ಆರಂಭಿಸಿದಾಗ ಅವರ ಕೈಯಲ್ಲಿದ್ದ ಕಂಪೈಲರ್ ಜಿಸಿಸಿ. ಇಂದು ಜಗತ್ತಿನ ಬಹುಪಾಲು ಸರ್ವರ್‌ಗಳು ಲಿನಕ್ಸ್ ಮೇಲೆ ನಡೆಯುತ್ತವೆ. ಆಂಡ್ರಾಯ್ಡ್ ಫೋನಿನ ತಳದಲ್ಲೂ ಲಿನಕ್ಸ್ ಇದೆ. 1997ರಲ್ಲಿ ಜಿಸಿಸಿಯ ಬೆಳವಣಿಗೆ ನಿಧಾನವಾಯಿತೆಂದು ಕೆಲವರು ಅದರ ಪ್ರತಿ ತೆಗೆದುಕೊಂಡು ಬೇರೆಯಾಗಿ ಮುಂದುವರಿಸಿದರು. ಅವರ ಕೆಲಸವೇ ಉತ್ತಮವೆಂದು ಕಂಡುಬಂದು 1999ರಲ್ಲಿ ಅದನ್ನೇ ಅಧಿಕೃತವೆಂದು ಒಪ್ಪಲಾಯಿತು. ಮೂಲ ಬರಹ ತೆರೆದಿದ್ದರಿಂದ ಇದು ಸಾಧ್ಯವಾಯಿತು. 1990ರ ದಶಕದ ಉತ್ತರಾರ್ಧದಲ್ಲಿ ಕಂಪ್ಯೂಟರ್ ಪತ್ರಿಕೆಗಳ ಜೊತೆ ಬರುತ್ತಿದ್ದ ಸಿ.ಡಿ.ಗಳಲ್ಲಿ ಲಿನಕ್ಸ್ ಮತ್ತು ಜಿಸಿಸಿ ನಮ್ಮಂಥ ಊರುಗಳಿಗೂ ತಲುಪತೊಡಗಿದವು.

ನಮ್ಮ ರಾಜ್ಯದಲ್ಲೇ ಇದರ ಒಂದು ಪ್ರಯೋಗ ನಡೆಯಿತು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಪ್ರಾಧ್ಯಾಪಕರು ಮತ್ತು ಎನ್ಕೋರ್ ಸಂಸ್ಥೆಯ ಎಂಜಿನಿಯರರು ಸೇರಿ ಹಳ್ಳಿಯವರಿಗೂ ಎಟುಕುವ ಸಿಂಪ್ಯೂಟರ್ ಎಂಬ ಅಂಗೈ ಕಂಪ್ಯೂಟರನ್ನು ರೂಪಿಸಿದರು. ಅದು ನಡೆಯುತ್ತಿದ್ದುದು ಲಿನಕ್ಸ್ ಮೇಲೆ. 2004ರಲ್ಲಿ ಅದು ಮಾರುಕಟ್ಟೆಗೂ ಬಂತು. ವ್ಯಾಪಾರದಲ್ಲಿ ಅದು ನಿರೀಕ್ಷಿಸಿದಷ್ಟು ಗೆಲ್ಲಲಿಲ್ಲ. ಆದರೆ ಉಚಿತ ಉಪಕರಣಗಳಿಂದ ಹೊಸ ಯಂತ್ರವೊಂದಕ್ಕೆ ಪೂರ್ಣ ತಂತ್ರಾಂಶ ಕಟ್ಟಬಹುದು ಎಂಬುದನ್ನು ತೋರಿಸಿಕೊಟ್ಟಿತು. ಒಳ್ಳೆಯ ಉಪಕರಣ ಯಶಸ್ಸಿಗೆ ಬೇಕು, ಆದರೆ ಅದೊಂದೇ ಸಾಲದು.

ಬೆಲೆಯಿಂದ ಗುಣ ಅಳೆಯಲಾಗದು ಎಂಬುದಕ್ಕೆ ಬಲವಾದ ಸಾಕ್ಷಿ 2011ರಲ್ಲಿ ಸಿಕ್ಕಿತು. ಅಮೆರಿಕದ ಯೂಟಾ ವಿಶ್ವವಿದ್ಯಾಲಯದ ಸಂಶೋಧಕರು ಸಿಸ್ಮಿತ್ ಎಂಬ ಸಾಧನ ಬಳಸಿ ಸಿ ಕಂಪೈಲರ್‌ಗಳನ್ನು ಪರೀಕ್ಷಿಸಿದರು. ಮೂರು ವರ್ಷಗಳಲ್ಲಿ ಹಿಂದೆ ಯಾರಿಗೂ ತಿಳಿಯದ 325ಕ್ಕೂ ಹೆಚ್ಚು ದೋಷಗಳು ಕಂಡವು. ಹಣ ಕೊಟ್ಟು ಕೊಳ್ಳುವವು, ಉಚಿತವಾದವು ಎಂಬ ಭೇದವಿಲ್ಲದೆ ಪರೀಕ್ಷಿಸಿದ ಎಲ್ಲ ಕಂಪೈಲರ್‌ಗಳಲ್ಲೂ ದೋಷ ಸಿಕ್ಕಿತು. ಬೆಲೆ ಕೊಟ್ಟ ಮಾತ್ರಕ್ಕೆ ಬಾಂಡ್ ರೈಟರ್ ಸರ್ವೆ ನಂಬರ್ ತಪ್ಪುವುದಿಲ್ಲ ಎಂಬ ಭರವಸೆ ಇಲ್ಲ ಎಂಬುದು ಇಲ್ಲಿಯೂ ನಿಜವಾಯಿತು.

ಅಳೆಯುವ ಐದು ಪ್ರಶ್ನೆಗಳು

ಹಾಗಾದರೆ ಒಂದು ಕಂಪೈಲರ್ ಗಟ್ಟಿ ಕೆಲಸಕ್ಕೆ ಆದೀತೇ ಎಂದು ಅಳೆಯುವುದು ಹೇಗೆ? ಈ ಐವತ್ತು ವರ್ಷಗಳ ಅನುಭವದಿಂದ ಐದು ಪ್ರಶ್ನೆಗಳನ್ನು ತೆಗೆಯಬಹುದು.

ಒಂದು, ಅದು ಭಾಷೆಯ ಪ್ರಮಾಣಕ್ಕೆ ಬದ್ಧವಾಗಿದೆಯೇ? ಪ್ರಮಾಣ ಬಿಟ್ಟರೆ ಏನಾಗುತ್ತದೆ ಎಂಬುದು ಕನ್ನಡಿಗರಿಗೆ ಚೆನ್ನಾಗಿ ಗೊತ್ತು. ಯುನಿಕೋಡ್ ಬಳಕೆಗೆ ಬರುವ ಮೊದಲಿನ ಕನ್ನಡ ಅಕ್ಷರಶೈಲಿಗಳಲ್ಲಿ ಬೆರಳಚ್ಚು ಮಾಡಿದ ಕಡತ ಬೇರೆ ಕಂಪ್ಯೂಟರಿನಲ್ಲಿ ಅರ್ಥವಿಲ್ಲದ ಗುರುತುಗಳಾಗಿ ಕಾಣುತ್ತಿತ್ತು. 1991ರ ಮೊದಲ ಯುನಿಕೋಡ್ ಆವೃತ್ತಿಯಲ್ಲೇ ಕನ್ನಡ ಇತ್ತು. ಆದರೂ ನಾವೆಲ್ಲ ಅದಕ್ಕೆ ಬರಲು ಬಹಳ ವರ್ಷ ಬೇಕಾಯಿತು. ಹಳೆಯ ಕಡತಗಳನ್ನು ಪರಿವರ್ತಿಸುವ ಕೆಲಸ ಇನ್ನೂ ನಡೆಯುತ್ತಿದೆ. ಪ್ರೋಗ್ರಾಂ ಕೂಡ ಹಾಗೆಯೇ. ಪ್ರಮಾಣದ ಪ್ರಕಾರ ಬರೆದದ್ದು ಯಂತ್ರ ಬದಲಾದರೂ ಉಳಿಯುತ್ತದೆ.

ಎರಡು, ಅದನ್ನು ಯಾರು, ಎಷ್ಟು ಪರೀಕ್ಷಿಸಿದ್ದಾರೆ? ನಮ್ಮ ಗೋಲಗುಮ್ಮಟವನ್ನು ನೋಡಿ. ಸುಮಾರು 44 ಮೀಟರ್ ಹೊರ ವ್ಯಾಸದ ಆ ಗುಮ್ಮಟವನ್ನು ಕಟ್ಟಿದ್ದು ಸಾಧಾರಣ ಇಟ್ಟಿಗೆ ಮತ್ತು ಗಾರೆಯಿಂದ. 1656ರಲ್ಲಿ ಮಹಮ್ಮದ್ ಆದಿಲ್‌ಶಾಹ ತೀರಿಕೊಂಡಾಗಿನಿಂದ ಇಂದಿನವರೆಗೆ ಅದು ನಿಂತಿರುವುದು ಭಾರವನ್ನು ಹಂಚುವ ಕಮಾನುಗಳ ಲೆಕ್ಕ ಸರಿಯಿದ್ದುದರಿಂದ. ಇಟ್ಟಿಗೆಯ ದರ ಕೇಳಿ ಕಟ್ಟಡದ ಗಟ್ಟಿತನ ಹೇಳಲಾಗದು.

ಮೂರು, ಅದು ತಪ್ಪು ಹುಡುಕಲು ನೆರವಾಗುತ್ತದೆಯೇ? ಒಳ್ಳೆಯ ಕಂಪೈಲರ್ ಅನುಮಾನ ಬಂದ ಕಡೆ ಎಚ್ಚರಿಕೆ ಕೊಡುತ್ತದೆ. ಸಾಲುಸಾಲಾಗಿ ನಡೆಸಿ ನೋಡುವ ಸಾಧನಗಳು ಅದರ ಜೊತೆಗಿರಬೇಕು.

ನಾಲ್ಕು, ನಾಳೆ ಅದನ್ನು ಯಾರು ನೋಡಿಕೊಳ್ಳುತ್ತಾರೆ? ವಿಜಯಪುರದ ಬಾರಾ ಕಮಾನ್ ನೋಡಿದವರಿಗೆ ಇದು ಅರ್ಥವಾಗುತ್ತದೆ. ಎರಡನೆಯ ಅಲಿ ಆದಿಲ್‌ಶಾಹ ಅದನ್ನು ಕಟ್ಟಿಸಲು ಹೊರಟು 1672ರಲ್ಲಿ ತೀರಿಕೊಂಡನು. ಕಮಾನುಗಳು ಅರ್ಧಕ್ಕೇ ನಿಂತವು. ಒಬ್ಬ ಒಡೆಯನನ್ನೇ ನಂಬಿದ ಉಪಕರಣಕ್ಕೂ ಇದೇ ಗತಿ. ಟರ್ಬೊ ಸಿ ಅದರ ಕಂಪನಿ ಕೈಬಿಟ್ಟ ದಿನವೇ ನಿಂತಿತು. ಮೂಲ ಬರಹ ತೆರೆದಿದ್ದರೆ ಬೇರೆ ಗೌಂಡಿಗಳು ಬಂದು ಮುಂದುವರಿಸಬಹುದು.

ಐದು, ಪರವಾನಗಿ ಏನು ಹೇಳುತ್ತದೆ? ಕೆಲವು ಕಂಪೈಲರ್‌ಗಳು ವಿದ್ಯಾರ್ಥಿಗಳಿಗೆ ಉಚಿತ, ದೊಡ್ಡ ಕಂಪನಿಗಳಿಗೆ ಅಲ್ಲ. ಜಿಸಿಸಿಯಲ್ಲಿ ಕಂಪೈಲ್ ಮಾಡಿದ ನಿಮ್ಮ ಪ್ರೋಗ್ರಾಂ ನಿಮ್ಮದೇ, ಅದನ್ನು ಮಾರಲು ಅಡ್ಡಿಯಿಲ್ಲ. ಕೆಲಸ ಆರಂಭಿಸುವ ಮೊದಲೇ ಇದನ್ನು ಓದಿಕೊಳ್ಳಬೇಕು.

ಹಾಗೆಂದು ಹಣ ಕೊಡುವುದು ಯಾವಾಗಲೂ ವ್ಯರ್ಥ ಎಂದು ತಿಳಿಯಬಾರದು. ವಿಮಾನ, ವೈದ್ಯಕೀಯ ಯಂತ್ರ, ವಾಹನದ ಬ್ರೇಕ್ ಮುಂತಾದ ಪ್ರಾಣಕ್ಕೆ ಸಂಬಂಧಿಸಿದ ಕಡೆ ಕಂಪೈಲರ್ ಬಗ್ಗೆ ದಾಖಲೆ, ಪ್ರಮಾಣಪತ್ರ, ತೊಂದರೆಯಾದರೆ ಬಂದು ನೋಡುವ ಜನ ಬೇಕು. ಜಿಸಿಸಿಯ ಮೇಲೆಯೇ ಕಟ್ಟಿದ ಗ್ನ್ಯಾಟ್ ಎಂಬ ಏಡಾ ಕಂಪೈಲರ್ ವಿಮಾನಗಳ ತಂತ್ರಾಂಶಕ್ಕೂ ಬಳಕೆಯಾಗುತ್ತದೆ. ಅಲ್ಲಿ ಗ್ರಾಹಕರು ಹಣ ಕೊಡುವುದು ಕಂಪೈಲರಿಗೆ ಎನ್ನುವುದಕ್ಕಿಂತ ಅದರ ಹಿಂದಿನ ಹೊಣೆಗಾರಿಕೆಗೆ. ಹೊಣೆ ಹೊರುವವರಿಗೆ ಬೆಲೆ ಕೊಡುವುದು ನ್ಯಾಯ.

ಉಪಕರಣ ನಮ್ಮ ಕೈಯಲ್ಲಿರಲಿ

ಈ ಮಾತು ನಮ್ಮ ಜಿಲ್ಲೆಗೆ ಹೊಸದಲ್ಲ. ಫ.ಗು. ಹಳಕಟ್ಟಿಯವರು ವಿಜಯಪುರದಲ್ಲಿ ವಕೀಲರಾಗಿದ್ದುಕೊಂಡು ತಾಳೆಗರಿಗಳಲ್ಲಿದ್ದ ವಚನಗಳನ್ನು ಸಂಗ್ರಹಿಸಿದರು. ಮುದ್ರಣಕ್ಕಾಗಿ ಬೇರೆಯವರ ದಾರಿ ಕಾಯದೆ ತಾವೇ ಹಿತಚಿಂತಕ ಮುದ್ರಣಾಲಯ ಸ್ಥಾಪಿಸಿದರು, 1926ರಿಂದ ಶಿವಾನುಭವ ಪತ್ರಿಕೆ ನಡೆಸಿದರು. ಅದು ದೊಡ್ಡ ನಗರದ ಭಾರಿ ಮುದ್ರಣಾಲಯವಾಗಿರಲಿಲ್ಲ. ಆದರೆ ಅಲ್ಲಿ ನಡೆದ ಕೆಲಸವನ್ನು ಯಾರೂ ಚಿಕ್ಕದೆನ್ನಲಾರರು. ಕೆಲಸಕ್ಕೆ ತಕ್ಕ ಉಪಕರಣ ತಮ್ಮ ಕೈಯಲ್ಲೇ ಇರಬೇಕು ಎಂಬುದನ್ನು ಅವರು ಅರಿತಿದ್ದರು.

ಇಂದು ತಿಕೋಟಾ, ಬಬಲೇಶ್ವರ ಎರಡೂ ತಾಲೂಕು ಕೇಂದ್ರಗಳಾಗಿವೆ. ಇಲ್ಲಿನ ವಿದ್ಯಾರ್ಥಿಗೆ ಬೆಂಗಳೂರಿನ ದೊಡ್ಡ ಕಂಪನಿ ಬಳಸುವ ಕಂಪೈಲರೇ ಒಂದು ರೂಪಾಯಿ ಖರ್ಚಿಲ್ಲದೆ ಸಿಗುತ್ತದೆ. ಜಿಸಿಸಿ ಇದೆ, ಅದಕ್ಕೆ ಸರಿಸಾಟಿಯಾಗಿ ಬೆಳೆದ ಕ್ಲ್ಯಾಂಗ್ ಇದೆ. ಮುಂಬಯಿ ಐಐಟಿಯ ಸ್ಪೋಕನ್ ಟ್ಯುಟೋರಿಯಲ್ ಯೋಜನೆಯಲ್ಲಿ ಸಿ ಮತ್ತು ಸಿ ಪ್ಲಸ್ ಪ್ಲಸ್ ಪಾಠಗಳು ಕನ್ನಡ ಧ್ವನಿಯಲ್ಲೂ ಇವೆ. ಐವತ್ತು ವರ್ಷಗಳ ಹಿಂದೆ ಕಾನ್ಪುರ, ಮುಂಬಯಿಯ ಕೆಲವರಿಗೆ ಮಾತ್ರ ಇದ್ದ ಭಾಗ್ಯ ಇದು.

ಹಳೆಯ ವಿದ್ಯಾರ್ಥಿಗಳಲ್ಲಿ ನನ್ನದೊಂದು ವಿನಂತಿ. ಶಾಲೆಗೆ ಕಂಪ್ಯೂಟರ್ ಕೊಡುವವರು ಪೆಟ್ಟಿಗೆಯನ್ನಷ್ಟೇ ಕೊಟ್ಟು ಹೋಗದೆ, ಅದರಲ್ಲಿ ಲಿನಕ್ಸ್ ಮತ್ತು ಇಂದಿನ ಕಂಪೈಲರ್ ಹಾಕಿ, ಅರ್ಧ ದಿನ ಕೂತು ಮಕ್ಕಳಿಗೆ ತೋರಿಸಿಕೊಡಬೇಕು. ಕಂಪ್ಯೂಟರ್ ಕಲಿಸುವ ಗುರುಗಳು ಮೊದಲ ಪಾಠದಲ್ಲೇ ಮಕ್ಕಳಿಂದ ನಮ್ಮೂರಿನ ಪಿನ್ ಕೋಡನ್ನು ಒಂದು ಪೂರ್ಣಾಂಕದಲ್ಲಿ ಇಡಿಸಿ, ಅದು ಸರಿಯಾಗಿ ಹೊರಬರುತ್ತದೆಯೇ ಎಂದು ನೋಡಿಸಲಿ. ಅಂಕಿ ಸರಿ ಬಂದರೆ ಏಕೆ ಸರಿ ಬಂತು, ತಪ್ಪಿದರೆ ಏಕೆ ತಪ್ಪಿತು ಎಂದು ಮಕ್ಕಳು ಕೇಳಲಿ. ಉಪಕರಣದ ಬೆಲೆಗಿಂತ ಅದರ ಗಡಿ ಎಲ್ಲಿದೆ ಎಂದು ಕೇಳುವ ಆ ಅಭ್ಯಾಸವೇ ಅವರನ್ನು ಗಟ್ಟಿ ಕೆಲಸಗಾರರನ್ನಾಗಿ ಮಾಡುತ್ತದೆ.

ನಮ್ಮ ಶಾಲೆ ನೂರು ವರ್ಷ ಪೂರೈಸುವಾಗ ಅಂದಿನ ಸಂಚಿಕೆಯಲ್ಲಿ ಇದೇ ವಿಷಯದ ಬಗ್ಗೆ ಬರೆಯುವವರು ಈಗ ಎಂಟನೆಯ ತರಗತಿಯಲ್ಲಿ ಕೂತಿರಬಹುದು. ಅವರಿಗೂ, ಅವರನ್ನು ತಿದ್ದುತ್ತಿರುವ ಗುರುಗಳಿಗೂ ಶುಭವಾಗಲಿ.